ಬಾಣಂತಿ ನೀರು, ಬೂಷ್ಟಿನ ಗೋಡೆ

ನಮ್ಮ ಬಚ್ಚಲಿನ ಗೋಡೆಗೂ ನನಗೂ ಮೊದಲಿನಿಂದಲೂ ಆಗಿಬರುವುದಿಲ್ಲ. ಇದನ್ನು ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ. ಎಷ್ಟೋ ಜನ ನಾದಿನಿಯ ಜೊತೆ, ಪಕ್ಕದ ಮನೆಯವರ ಜೊತೆ ಜಗಳ ಕಾಯುತ್ತಾರೆ. ನಾನು ಒಂದು ಗೋಡೆಯ ಜೊತೆ ಕಾಯುತ್ತೇನೆ, ಅಷ್ಟೇ ವ್ಯತ್ಯಾಸ.

ನಾಗಪುರದ ಮನೀಶ್ ನಗರದಲ್ಲಿರುವ ಈ ಬಾಡಿಗೆ ಫ್ಲ್ಯಾಟಿಗೆ ನಾವು ಬಂದದ್ದು ಬೇಸಿಗೆಯಲ್ಲಿ. ಗಂಡನಿಗೆ ರೈಲ್ವೆಯಲ್ಲಿ ಕೆಲಸ, ಹುಬ್ಬಳ್ಳಿಯಿಂದ ವರ್ಗವಾಗಿತ್ತು. ನನಗೆ ಇಲ್ಲಿನ ಒಂದು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವ ಕೆಲಸ ಸಿಕ್ಕಿತ್ತು. ಬೇಸಿಗೆಯಲ್ಲಿ ಈ ಊರಿನ ಯಾವ ಮನೆಯಾದರೂ ಚೆನ್ನಾಗಿಯೇ ಕಾಣುತ್ತದೆ. ಒದ್ದೆ ಟವೆಲ್ಲು ಹರವಿ ತಿರುಗಿ ನೋಡುವುದರೊಳಗೆ ಹಪ್ಪಳದಂತೆ ಸೆಟೆದು ನಿಂತಿರುತ್ತದೆ. ಬಚ್ಚಲಿನ ಬೆಳ್ಳನೆಯ ಗೋಡೆ ನೋಡಿ ನಾನು "ಎಷ್ಟು ಸ್ವಚ್ಛ ಇದೆ" ಎಂದೆ. ಮನೆ ಮಾಲೀಕರು ಗಂಭೀರವಾಗಿ ತಲೆಯಾಡಿಸಿದರು. ಆ ಮನುಷ್ಯನಿಗೆ ಆಗಲೇ ಎಲ್ಲ ಗೊತ್ತಿತ್ತು ಎಂದು ನನಗೆ ಇವತ್ತಿಗೂ ಗುಮಾನಿ ಇದೆ.

ಜೂನಿನಲ್ಲಿ ಮಳೆ ಹಿಡಿಯಿತು. ಬಚ್ಚಲಿನ ಛತ್ತಿನ ಮೂಲೆಯಲ್ಲಿ ಸಾಸಿವೆ ಸಿಡಿದಂತೆ ನಾಲ್ಕಾರು ಚುಕ್ಕೆ ಕಂಡವು. ಒರೆಸಿದೆ. ಮರುವಾರ ಚುಕ್ಕೆಗಳೆಲ್ಲ ಕೂಡಿಕೊಂಡು ಅಂಗೈಯಗಲ ಆಗಿದ್ದವು. ಶ್ರಾವಣ ಬರುವಷ್ಟರಲ್ಲಿ ಆ ಮೂಲೆಯಿಂದ ನಲ್ಲಿಯವರೆಗೂ ಕಪ್ಪು ಬೂಷ್ಟು ಇಳಿದಿತ್ತು. ಆ ಬಚ್ಚಲಿಗೆ ಹೊರಗೋಡೆ ಎಂಬುದೇ ಇಲ್ಲ. ಒಂದು ಕಡೆ ನಮ್ಮ ಮಲಗುವ ಕೋಣೆ, ಇನ್ನೊಂದು ಕಡೆ ಮೇಲಿನ ಮನೆಗಳ ಪೈಪುಗಳು ಇಳಿಯುವ ಇಕ್ಕಟ್ಟಾದ ಸಂದು. ಆ ಸಂದಿಗೆ ತೆರೆದುಕೊಂಡ ಒಂದು ಪುಟ್ಟ ಗವಾಕ್ಷಿಯೇ ಗಾಳಿಗೆ ದಾರಿ.

ಮಾಲೀಕರಿಗೆ ಫೋನ್ ಮಾಡಿದೆ. ಅವರು ಮಹಾಲ್ ಎಂಬ ಹಳೇ ಬಡಾವಣೆಯ ವಾಡೆಯಲ್ಲಿ ಇರುವವರು, ವಯಸ್ಸಾದವರು. ಇಲ್ಲಿ ಎಲ್ಲರೂ ಕರೆಯುವಂತೆ ನಾವೂ ಕಾಕಾಜಿ ಎಂದೇ ಕರೆಯುತ್ತೇವೆ. ಸ್ಕೂಟರಿನಲ್ಲಿ ಬಂದು, ಬಚ್ಚಲಿನ ಬಾಗಿಲಲ್ಲಿ ನಿಂತು, ಒಳಗೆ ಕಾಲಿಡದೆ ತೀರ್ಪು ಕೊಟ್ಟರು.

"ಬೇಟಾ, ಘರ್ ಮೇಂ ಕುಛ್ ಖರಾಬೀ ನಹೀಂ. ತುಮ್ ಸೌಥ್‌ವಾಲೇ ಗರಮ್ ಪಾನೀ ಬಹುತ್ ಡಾಲ್ತೇ ಹೋ."

ಅಂದರೆ ಮನೆಯದೇನೂ ತಪ್ಪಿಲ್ಲ, ದಕ್ಷಿಣದವರಾದ ನಾವು ಬಿಸಿನೀರು ಸುರಿದುಕೊಳ್ಳುವುದೇ ತಪ್ಪು. ನಾಗಪುರದ ಚಳಿಗಾಲದಲ್ಲಿ ಕಾಕಾಜಿ ತಣ್ಣೀರಲ್ಲಿ ಮೀಯುತ್ತಾರೇನೋ ಎಂದು ಕೇಳಬೇಕೆನಿಸಿತು. ಕೇಳಿಯೂಬಿಟ್ಟೆ. ಅವರು ನಕ್ಕು ಮಾತು ಹಾರಿಸಿದರು. ದೀಪಾವಳಿಗೆ ಮುಂಚೆ ಒಬ್ಬ ಪೇಂಟರನನ್ನು ಕಳಿಸಿದರು. ಅವನು ಬೂಷ್ಟಿನ ಮೇಲೇ ಬಣ್ಣ ಬಳಿದು ಹೋದ. ಮುಂದಿನ ಮಳೆಗೆ ಆ ಬಣ್ಣವನ್ನೇ ಸೀಳಿಕೊಂಡು ಅದು ಮತ್ತೆ ಬಂತು.

ಆಗ ನನಗೆ ಹಟ ಹುಟ್ಟಿತು. ರಜೆಯ ದಿನ ತಲೆಗೆ ಬಟ್ಟೆ ಕಟ್ಟಿ, ಮೂಗಿಗೆ ಮುಸುಕು ಹಾಕಿ, ಸ್ಟೂಲು ಹತ್ತಿ ಬ್ರಷ್ಷಿನಿಂದ ಉಜ್ಜಿದೆ. ಬ್ಲೀಚಿಂಗ್ ಪೌಡರಿನ ಬಕೆಟ್ಟಿಗೇ ವಿನೆಗರ್ ಸುರಿಯಲು ಹೊರಟ ಗಂಡನನ್ನು ಕೂಗಿ ನಿಲ್ಲಿಸಿದೆ. ಎರಡೂ ಬೆರೆತರೆ ಏಳುವ ಗಾಳಿಗೆ ಬೂಷ್ಟಿಗಿಂತ ಮೊದಲು ನಾವೇ ಹೋಗುತ್ತಿದ್ದೆವು. ಇತವಾರಿಯ ಹಾರ್ಡ್‌ವೇರ್ ಸಾಲಿನಲ್ಲಿ ಕೈಗಾಡಿಗಳ ನಡುವೆ ನುಸುಳಿ ಅಂಗಡಿ ಅಂಗಡಿ ಅಲೆದು ಗವಾಕ್ಷಿಗೆ ಸರಿಹೊಂದುವ ಎಕ್ಸಾಸ್ಟ್ ಫ್ಯಾನ್ ತಂದೆ. ಸ್ನಾನ ಆದ ಮೇಲೆ ಗೋಡೆ ಒರೆಸುವುದು, ಫ್ಯಾನ್ ಹಾಕುವುದು, ಬಾಗಿಲು ತೆರೆದಿಡುವುದು ಮನೆಯ ಕಾಯಿದೆಯಾಯಿತು. ನೆಂಟರಿಗೂ ವಿನಾಯಿತಿ ಇರಲಿಲ್ಲ. ಆ ವರ್ಷ ಛತ್ತಿನ ಮೂಲೆಯಲ್ಲಿ ಒಂದಿಷ್ಟು ಮಸಿ ಬಿಟ್ಟರೆ ಗೋಡೆ ಗೋಡೆಯ ಹಾಗೇ ಉಳಿಯಿತು. ದೀಪಾವಳಿಗೆ ಬಂದ ಪೇಂಟರನನ್ನು ಬಾಗಿಲಿನಿಂದಲೇ ವಾಪಸು ಕಳಿಸಿದೆ. ಅಂಥ ಹಬ್ಬ ನಾನು ಇನ್ನೊಂದು ಕಂಡಿಲ್ಲ.

ಮರುವರ್ಷ ನಾನು ಬಸುರಿ. ಹೆರಿಗೆ ಜುಲೈಯಲ್ಲಿ, ಅಂದರೆ ನಟ್ಟ ನಡು ಮಳೆಗಾಲದಲ್ಲಿ. ತವರಿಗೆ ಹೋಗಬೇಕೆಂದಿದ್ದೆ. ರಕ್ತದೊತ್ತಡ ಏರಿದ್ದರಿಂದ ಪ್ರಯಾಣ ಬೇಡ ಎಂದರು ಡಾಕ್ಟರು. ನಾನು ಹೋಗದಿದ್ದರೇನಂತೆ, ತವರೇ ಬಂತು. ನಮ್ಮವ್ವ ಗದಗಿನಿಂದ ಒಂದು ಟ್ರಂಕು, ಎರಡು ಗಂಟು, ಅವುಗಳ ಮೇಲೆ ಒಂದು ತಾಮ್ರದ ಹಂಡೆ ಹೇರಿಸಿಕೊಂಡು ನಾಗಪುರದ ಸ್ಟೇಷನ್ನಿನಲ್ಲಿ ಇಳಿದಳು. ಟ್ರಂಕಿನಲ್ಲಿ ಅಂಟು, ಒಣಶುಂಠಿ, ಬಜೆ, ಲೋಬಾನ, ಹಳೇ ಸೀರೆಗಳನ್ನು ಪದರ ಪದರವಾಗಿ ಹೊಲಿದ ಕೌದಿಗಳು.

"ಗೀಸರ್ ಐತಿ, ಅವ್ವ. ಹಂಡೆ ಯಾಕ ತಂದಿ?" ಎಂದೆ.

"ಗೀಸರ್ ನೀರು ಕೈಕಾಲು ತೊಳಕೊಳ್ಳಾಕ. ಬಾಣಂತಿಗಿ ಹಂಡೆ ನೀರ ಆಗಬೇಕು" ಎಂದಳು.

ಮಗಳನ್ನು ಎತ್ತಿಕೊಂಡು ಆಸ್ಪತ್ರೆಯಿಂದ ಬಂದ ದಿನ ಬಚ್ಚಲಿಗೆ ಹೋದರೆ ಕತ್ತಲು. ಅವ್ವ ಗವಾಕ್ಷಿಗೆ ಕೌದಿಯೊಂದನ್ನು ಮಡಚಿ ಗಿಡಿದಿದ್ದಳು. ಎಕ್ಸಾಸ್ಟ್ ಫ್ಯಾನು ಅದರ ಹಿಂದೆ ಬಾಯಿ ಮುಚ್ಚಿಕೊಂಡು ಕೂತಿತ್ತು. ಯಾರೂ ಮುಟ್ಟಬಾರದೆಂದು ಅದರ ಸ್ವಿಚ್ಚಿಗೆ ಟೇಪು ಬೇರೆ. ಮಲಗುವ ಕೋಣೆಯ ಕಿಟಕಿಗೂ ಇನ್ನೊಂದು ಕೌದಿ. ನನ್ನ ಕಿವಿಗೆ ಹತ್ತಿ, ತಲೆಗೆ ಬಟ್ಟೆ. ಬಾಣಂತಿಗೆ ಗಾಳಿ ಸೋಕಬಾರದು ಎಂಬುದು ನಮ್ಮ ಕಡೆ ಚರ್ಚೆಯ ವಿಷಯವಲ್ಲ.

ನಾನು ಯಾಕೆ ಸುಮ್ಮನಿದ್ದೆ ಎಂದರೆ, ಆ ಸ್ನಾನ. ಸುಳ್ಳು ಯಾಕೆ ಹೇಳಲಿ, ಅಂಥ ಸುಖವನ್ನು ನಾನು ಕಂಡಿರಲಿಲ್ಲ. ಅವ್ವ ಮೈಗೆಲ್ಲ ಬಿಸಿ ಎಣ್ಣೆ ತಿಕ್ಕಿ, ಮಣೆಯ ಮೇಲೆ ಕೂರಿಸಿ, ಹಬೆಯಾಡುವ ನೀರನ್ನು ತಂಬಿಗೆಯಲ್ಲಿ ಎತ್ತಿ ಸೊಂಟದ ಮೇಲೆ ರಪ್ಪನೆ ಬಡಿಯುವಂತೆ ಹಾಕುತ್ತಿದ್ದಳು. ಮೈಯೊಳಗೆ ಎಲ್ಲೆಲ್ಲೋ ಕೂತಿದ್ದ ನೋವು ಒಂದೊಂದಾಗಿ ಎದ್ದು ಹೋಗುತ್ತಿತ್ತು. ಬಚ್ಚಲ ತುಂಬ ಹಬೆ, ಎದುರಿನ ಕೈ ಕಾಣುತ್ತಿರಲಿಲ್ಲ. ಸ್ನಾನ ಮುಗಿದ ಮೇಲೆ ಕೆಂಡಕ್ಕೆ ಲೋಬಾನ ಹಾಕಿ ನನಗೂ ಮಗುವಿಗೂ ಹೊಗೆ. ಆಮೇಲೆ ಸತ್ತಂತೆ ನಿದ್ದೆ.

ಹೊರಗೆ ಬಿಡದೆ ಮಳೆ, ಒಳಗೆ ದಿನಾ ಹಂಡೆ ಹಂಡೆ ಹಬೆ, ಗಾಳಿಗೆ ದಾರಿಯಿಲ್ಲ. ಬೂಷ್ಟಿಗೆ ಇದಕ್ಕಿಂತ ಒಳ್ಳೆಯ ಬಾಣಂತನ ಯಾರು ಮಾಡುತ್ತಾರೆ? ನನಗಿಂತ ಚೆನ್ನಾಗಿ ಮೈ ತುಂಬಿಕೊಂಡು ಬೆಳೆಯಿತು. ಛತ್ತು ಹಿಡಿಯಿತು, ನಲ್ಲಿ ಹಿಡಿಯಿತು, ಗೋಡೆ ದಾಟಿ ಮಲಗುವ ಕೋಣೆಗೆ ಬಂತು. ಒಂದು ದಿನ ತೊಟ್ಟಿಲನ್ನು ಸರಿಸಿ ನೋಡಿದರೆ ಅದರ ಹಿಂದಿನ ಗೋಡೆ ಬೂದುಗಪ್ಪಾಗಿತ್ತು. ಮುಗ್ಗಲು ವಾಸನೆ. ನನ್ನ ಮಗಳು ಆ ವಾಸನೆಯೊಳಗೆ ಮುಖವಿಟ್ಟು ಮಲಗಿದ್ದಳು.

ಅಷ್ಟರಲ್ಲಿ ಅವಳ ಎದೆಯಲ್ಲಿ ಗೊರಗೊರ ಶುರುವಾಗಿತ್ತು. ಹಾಲು ಕುಡಿಯುತ್ತ ಕುಡಿಯುತ್ತ ಮೂಗು ಕಟ್ಟಿ, ಮೊಲೆ ಬಿಟ್ಟು ಕಿರುಚುತ್ತಿದ್ದಳು. ಮಕ್ಕಳ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ಆಕೆ ಎದೆಗೆ ಸ್ಟೆತಾಸ್ಕೋಪ್ ಇಟ್ಟು ಕೇಳಿ, ಮನೆ ಹೇಗಿದೆ, ಹೊಗೆ ಹಾಕುತ್ತೀರಾ ಎಂದು ವಿಚಾರಿಸಿದಳು. ಗಂಡ ಫೋನಿನಲ್ಲಿದ್ದ ಗೋಡೆಯ ಫೋಟೊ ತೋರಿಸಿದರು. ಆಕೆ ಫೋಟೊ ದೊಡ್ಡದು ಮಾಡಿ ನೋಡಿ, ಔಷಧ ಕೊಡುತ್ತೇನೆ, ಆದರೆ ಮಗು ಇದೇ ಗಾಳಿ ಉಸಿರಾಡುತ್ತಿದ್ದರೆ ಔಷಧಕ್ಕೆ ಅರ್ಥವಿಲ್ಲ ಎಂದಳು. "ಧೂಪ ಬಂದ್, ಖಿಡ್ಕಿ ಖೋಲೋ." ಹೊಗೆ ನಿಲ್ಲಿಸಿ, ಕಿಟಕಿ ತೆರೆಯಿರಿ ಎಂದು. ಪಕ್ಕದಲ್ಲಿ ಕೂತಿದ್ದ ಅವ್ವನಿಗೆ ಹಿಂದಿ ಬಾರದು. ಆದರೂ ಆ ಎರಡು ಮಾತು ಅವಳಿಗೆ ಸರಿಯಾಗಿಯೇ ಅರ್ಥವಾದವು.

ಮನೆಗೆ ಬಂದವಳೇ ಸೀದಾ ಬಚ್ಚಲಿಗೆ ಹೋಗಿ ಕೌದಿ ಎಳೆದು ತೆಗೆದೆ. ಅದರ ಪದರಗಳೊಳಗೂ ಬೂಷ್ಟು ಹಿಡಿದು ಕರ್ರಗಾಗಿತ್ತು. ಅವ್ವನ ಎದುರಿಗೇ ಹಿಡಿದೆ.

"ನೋಡು, ಇದನ್ನ ನಿನ್ನ ಮೊಮ್ಮಗಳು ಉಸಿರಾಡಾಕತ್ತಾಳ."

"ಅರಿವಿಗಿ ಬೂಸರ ಹತ್ತಿದ್ರ ಒಗದ್ರ ಹೋಕ್ಕೈತಿ" ಎಂದಳು ಅವ್ವ. "ಬಾಣಂತಿ ಮೈಯಾಗ ಗಾಳಿ ಹೊಕ್ಕರ ಸಾಯೂ ತನಕ ಹೋಗೂದಿಲ್ಲ."

"ಯಾರು ಹೇಳಿದ್ರು ನಿನಗ?"

"ಯಾರೂ ಹೇಳೂದು ಬ್ಯಾಡ. ನನ್ನ ಸೊಂಟ ಹೇಳತೈತಿ."

ಆಮೇಲೆ, ಕೌದಿಯನ್ನು ನನ್ನ ಕೈಯಿಂದ ಇಸಿದುಕೊಂಡು ಮಡಚುತ್ತ, ಎಂದೂ ಹೇಳದ್ದನ್ನು ಹೇಳಿದಳು. ನಾನು ಹುಟ್ಟುವ ಹೊತ್ತಿಗೆ ಅವಳ ತಾಯಿ ತೀರಿಹೋಗಿದ್ದಳು. ತವರಿನಲ್ಲಿ ಕರೆಯುವವರಿರಲಿಲ್ಲ. ಅತ್ತೆಮನೆಯಲ್ಲಿ ಕೆಲಸ ಯಾರಿಗೂ ಕಾಯುವಂತಿರಲಿಲ್ಲ.

"ನೀರ ಹಾಕೋರು ಯಾರೂ ಇರಲಿಲ್ಲ. ನಾನ ಕಾಸ್ಕೊಂಡು, ನಾನ ಹಾಕ್ಕೊಂಡೆ. ಬೆನ್ನಿಗಿ ಕೈ ಎಟುಕಲಿಲ್ಲ. ಮಳ್ಯಾಗ ಅರಿವಿ ಒಗದೆ. ಅವತ್ತು ಹಿಡದ ಸೊಂಟ ಇನ್ನೂ ಬಿಟ್ಟಿಲ್ಲ. ನನ್ನ ಮಗಳಿಗಿ ಹಂಗ ಆಗಬಾರದಂತ ಬಂದೆ. ಅದೂ ಬ್ಯಾಡಂದ್ರ ನಾ ಇಲ್ಲಿ ಯಾಕ ಇರಲಿ?"

ಟ್ರಂಕು ಎಳೆದು ಸೀರೆ ತುಂಬತೊಡಗಿದಳು. ಗಂಡ ನಡುವೆ ಬಂದು "ನೀವೂ ಬರೋಬರ್, ಇಕಿನೂ ಬರೋಬರ್" ಎಂದರು. ನಾವಿಬ್ಬರೂ ಒಟ್ಟಿಗೇ ಅವರ ಮೇಲೆ ರೇಗಿದೆವು. ಅವರು ಮಗುವನ್ನೆತ್ತಿಕೊಂಡು ಹಾಲ್‌ಗೆ ನಡೆದರು.

ನನಗೆ ಅಳು ಬಂತು, ಅದರ ಹಿಂದೆಯೇ ಸಿಟ್ಟು ಬಂತು. ಅವ್ವನ ಮೇಲಲ್ಲ, ಆ ಗೋಡೆಯ ಮೇಲೆ. ಸ್ನಾನ ನಿಲ್ಲಿಸಿದರೆ ಅವ್ವ ಸೋತು ಗದಗಿಗೆ ಹೋಗುತ್ತಾಳೆ. ನಡೆಸಿದರೆ ಮಗಳ ಎದೆ ಕಟ್ಟುತ್ತದೆ. ಒಂದು ಬಾಡಿಗೆ ಮನೆಯ ಬಚ್ಚಲು, ತಾಯಿ ಬೇಕೋ ಮಗಳು ಬೇಕೋ ಎಂದು ನನ್ನನ್ನು ಕೇಳುವಷ್ಟು ದೊಡ್ಡದಾಯಿತೇ? ಎರಡೂ ಬೇಕು ನನಗೆ. ನೀರೂ ಬೇಕು, ಗಾಳಿಯೂ ಬೇಕು. ಬೇಡವಾದದ್ದು ಆ ಗೋಡೆ ಒಂದೇ.

ಅಡುಗೆಮನೆಯ ಹಿಂದೆ ನಮಗೊಂದು ಪುಟ್ಟ ಬಾಲ್ಕನಿ ಇದೆ. ಪಾತ್ರೆ ತೊಳೆಯಲು, ಬಟ್ಟೆ ಒಗೆಯಲು. ನೀರು ಹೋಗಲು ಮೋರಿಯಿದೆ, ಸುತ್ತ ಕಬ್ಬಿಣದ ಗ್ರಿಲ್ಲಿದೆ, ದಕ್ಷಿಣದ ಬಿಸಿಲು ಬೀಳುತ್ತದೆ. ನಾನು ಟ್ರಂಕಿನಿಂದ ಅವ್ವನ ಸೀರೆಗಳನ್ನೇ ತೆಗೆದು ಗ್ರಿಲ್ಲಿಗೆ ಸುತ್ತ ಕಟ್ಟಿದೆ. ಮಣೆ ತಂದಿಟ್ಟೆ. ಅವ್ವ ಕಣ್ಣು ಅಗಲಿಸಿ ನೋಡಿದಳು.

"ಬಯಲಾಗ ಬಾಣಂತಿಗಿ ನೀರ ಹಾಕ್ತಾರೇನ? ಬುದ್ಧಿಗಿದ್ಧಿ ಐತೋ ಇಲ್ಲೋ?"

"ಗದಗಿನ ನಮ್ಮ ಹಿತ್ತಲ ಬಚ್ಚಲಕ್ಕ ಮ್ಯಾಲೆ ಏನಿತ್ತು?" ಎಂದೆ.

ಏನೂ ಇರಲಿಲ್ಲ. ಸುತ್ತ ಕಲ್ಲಿನ ಚಪ್ಪಡಿ, ಮೇಲೆ ಆಕಾಶ. ನಮ್ಮ ಓಣಿಯ ಬಾಣಂತಿಯರೆಲ್ಲ ಅಂಥ ಬಚ್ಚಲಲ್ಲೇ ಮಿಂದವರು. ಅಲ್ಲಿ ಬೂಷ್ಟು ಎಂಬುದನ್ನು ನಾನು ಕಂಡಿರಲಿಲ್ಲ. ಮನೆಯೊಳಗಿನ ಪೆಟ್ಟಿಗೆಯಂಥ ಬಚ್ಚಲು ಬಂದ ಮೇಲೆ, ಬಯಲಿನ ಬಚ್ಚಲಿಗೆ ಮಾಡಿದ ಸ್ನಾನವನ್ನು ಅದರೊಳಗೆ ತುರುಕಿ, ಇದ್ದ ಒಂದು ತೂತನ್ನೂ ಮುಚ್ಚಿ ಕೂತಿದ್ದೆವು. ಅವ್ವ ಸೀರೆಯ ಗೋಡೆಗಳನ್ನು ಮುಟ್ಟಿ ನೋಡಿದಳು. ಒಂದು ಗಂಟು ಸಡಿಲ ಇತ್ತು, ಅದನ್ನು ಬಿಗಿ ಮಾಡಿದಳು.

"ಬಿಸಲು ಬಿದ್ದಾಗ ಅಷ್ಟ. ನೀರ ಹಾಕಿದ ಕೂಡ್ಲೆ ತಲಿ ಕಟ್ಟಿ ಒಳಗ" ಎಂದಳು. ಟ್ರಂಕು ಮತ್ತೆ ಮಂಚದ ಕೆಳಗೆ ಹೋಯಿತು.

ಮಳೆ ಬಿಡುವು ಕೊಡುವುದಕ್ಕೆ ಇಲ್ಲಿಯವರು ಉಘಡೀಪ್ ಎನ್ನುತ್ತಾರೆ. ನಮ್ಮ ಮನೆಯಲ್ಲಿ ಅದಕ್ಕಾಗಿ ಕಾಯುವುದೇ ಕೆಲಸವಾಯಿತು. ಮೋಡ ಸರಿದು ಬಾಲ್ಕನಿಗೆ ಬಿಸಿಲು ಬಿದ್ದರೆ ಅವ್ವ "ಉಘಡೀಪ್ ಆತು, ಜಲ್ದಿ ಬಾ" ಎಂದು ಹಂಡೆಯ ಹತ್ತಿರ ಓಡುತ್ತಿದ್ದಳು. ಆ ಒಂದು ಮರಾಠಿ ಮಾತು ಅವಳಿಗೆ ಚೆನ್ನಾಗಿ ಒಗ್ಗಿತ್ತು. ಹಬೆ ಎದ್ದು ಸೀರೆಗಳ ಮೇಲಿಂದ ಹಾರಿಹೋಗುತ್ತಿತ್ತು. ಲೋಬಾನದ ಹೊಗೆ ಹಾಕುವುದನ್ನು ಅವಳೇ ನಿಲ್ಲಿಸಿದಳು. ಬಚ್ಚಲಿನ ಕೆಲಸ ಗಂಡನದು. ಮಗು ಇರುವ ಮನೆ, ಬ್ಲೀಚಿಂಗ್ ಬೇಡವೆಂದು ಸೋಡಾ, ಸಾಬೂನು ಕೊಟ್ಟು ಉಜ್ಜಿಸಿದೆ. ಮಗುವಿನ ತೊಟ್ಟಿಲು ಹಾಲ್‌ಗೆ ಬಂತು. ಫ್ಯಾನಿನ ಸ್ವಿಚ್ಚಿನ ಟೇಪು ಕಿತ್ತು ಹಗಲೆಲ್ಲ ತಿರುಗಿಸಿದೆ. ಮಗಳ ಉಸಿರು ಹಗುರಾಗುತ್ತ ಬಂತು.

ಉಜ್ಜಿದ ಮೇಲೆ ಮನೆಯವರೆಲ್ಲರ ಸ್ನಾನವೂ ಬಾಲ್ಕನಿಗೇ ಹೋಯಿತು. ಬಚ್ಚಲಿಗೆ ಒಂದು ತಂಬಿಗೆ ನೀರೂ ಬೀಳದೆ ಗೋಡೆ ಒಣಗಿತು, ಛತ್ತಿನ ಒಂದು ಮೂಲೆ ಬಿಟ್ಟು. ಅಲ್ಲಿ ಉಜ್ಜಿದ ಮೇಲೂ ಕಪ್ಪು ಮತ್ತೆ ಹರಡತೊಡಗಿತ್ತು. ಸ್ಟೂಲು ಹತ್ತಿ ಅಂಗೈ ಇಟ್ಟು ನೋಡಿದೆ. ತಣ್ಣಗೆ, ಜಿನುಗುತ್ತಿತ್ತು. ಗೋಡೆಯ ಆಚೆ ಪೈಪುಗಳ ಸಂದು. ನಾನು ಇಳಿದು ಬಂದು ಅವ್ವನಿಗೂ ಗಂಡನಿಗೂ ಹೇಳಿದೆ, ಇದು ಹಬೆಯದಲ್ಲ, ಪೈಪು ಸೋರುತ್ತಿದೆ. ಇಷ್ಟು ವರ್ಷ ನಮ್ಮ ಬಿಸಿನೀರಿನ ತಲೆಗೆ ಕಟ್ಟಿದ್ದ ತಪ್ಪಿನಲ್ಲಿ ಅರ್ಧ ಈ ಪೈಪಿನದು.

ಎರಡು ದಿನ ಬಿಟ್ಟು ಕಾಕಾಜಿಯೇ ಬಂದರು. ಬಾಲ್ಕನಿಯಲ್ಲಿ ಸೀರೆ ಕಟ್ಟಿಕೊಂಡು ಏನೋ ನಡೆಸಿದ್ದಾರೆ ಎಂದು ಸೊಸೈಟಿಯವರು ಯಾರೋ ಅವರಿಗೆ ಫೋನ್ ಮಾಡಿದ್ದರಂತೆ. ಗಂಡ ಡ್ಯೂಟಿಗೆ ಹೋಗಿದ್ದರು. ನಾನು ಮಣೆಯ ಮೇಲೆ ಎಣ್ಣೆಮೈಯಲ್ಲಿ ಕೂತಿದ್ದೆ. ಬೆಲ್ಲು ನಿಲ್ಲದೆ ಬಡಿದುಕೊಂಡಿತು. ಅವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ, ಕೈಯಲ್ಲಿ ತಂಬಿಗೆ ಹಿಡಿದೇ ಹೋಗಿ ಬಾಗಿಲು ತೆಗೆದಳು.

"ಬಾತ್‌ರೂಮ್ ಕಿಸ್‌ಲಿಯೇ ದಿಯಾ ಹೈ?" ಎಂದು ಕಾಕಾಜಿಯ ದನಿ ಕೇಳಿಸಿತು. ಬಚ್ಚಲು ಕೊಟ್ಟಿರುವುದು ಯಾತಕ್ಕೆ ಎಂದು ಅವರ ಪ್ರಶ್ನೆ. ಅವ್ವನಿಗೆ ಬಾತ್‌ರೂಮ್ ಎಂಬುದಷ್ಟೇ ತಿಳಿದಿರಬೇಕು. ಅಷ್ಟೇ ಸಾಕಾಗಿತ್ತು.

"ಬರ್ರಿ, ಒಳಗ ಬಂದು ನೋಡ್ರಿ" ಎಂದಳು. ತಂಬಿಗೆಯಿಂದಲೇ ದಾರಿ ತೋರಿಸಿರಬೇಕು, ಯಾಕೆಂದರೆ ನೆಲದ ಮೇಲೆ ನೀರು ಚೆಲ್ಲಿದ ಸದ್ದಾಯಿತು. ಇಷ್ಟು ವರ್ಷ ಹೊಸಲು ದಾಟದ ಕಾಕಾಜಿ ಅಂದು ಬಚ್ಚಲಿನೊಳಗೆ ಕಾಲಿಟ್ಟರು.

"ಮುಟ್ರಿ. ಕೈ ಹಚ್ಚಿ ನೋಡ್ರಿ. ಇಲ್ಲಿ ಒಂದು ತಂಬಿಗಿ ನೀರ ಹಾಕಿಲ್ಲ ನಾವು. ಆದ್ರೂ ಹಸಿ ಐತಿ. ಇದು ನಮ್ಮ ನೀರಲ್ರಿ, ನಿಮ್ಮ ಪೈಪು. ನನ್ನ ಮಗಳು ಬಾಣಂತಿ, ಆಕಿ ಬಾಲ್ಕನ್ಯಾಗ ಕುಂತಾಳ. ನಿಮಗ ನಾಚಿಕಿ ಬರಬೇಕು, ನಮಗಲ್ಲ."

ಕಾಕಾಜಿಗೆ ಕನ್ನಡ ಬಾರದು. ಆದರೆ ಒದ್ದೆ ಗೋಡೆಗೆ ಭಾಷೆ ಯಾಕೆ? ನಾನು ಸೀರೆಗಳ ನಡುವೆ ಕೂತು ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದೆ. ಆಮೇಲೆ ಅಲ್ಲಿಂದಲೇ ಹಿಂದಿಯಲ್ಲಿ ಕೂಗಿ ಹೇಳಿದೆ, "ಕಾಕಾಜಿ, ಈ ಸಲ ಪೇಂಟರ್ ಬೇಡ. ಪ್ಲಂಬರನನ್ನು ಕಳಿಸಿ. ಅವನು ಬರುವವರೆಗೆ ಬಾಲ್ಕನಿಯ ಸೀರೆ ಬಿಚ್ಚುವುದಿಲ್ಲ." ಅವರು "ಠೀಕ್ ಹೈ ಬೇಟಾ, ದೇಖ್ತೇ ಹೈಂ" ಎಂದು ಹೊರಟುಹೋದರು. ಪ್ಲಂಬರ್ ಬಂದ. ಸಂದಿನಲ್ಲಿ ಇಳಿದು, ಮೇಲಿನ ಮನೆಯ ಪೈಪಿನ ಜೋಡಣೆಯೊಂದು ಬಿರಿದದ್ದನ್ನು ಹಿಡಿದು ಬದಲಿಸಿದ. ಸೀರೆಗಳನ್ನು ಮಾತ್ರ ಅವನು ಹೋದ ಮೇಲೂ ನಾವು ಬಿಚ್ಚಲಿಲ್ಲ.

ಬೂಷ್ಟು ಹೋಯಿತೇ ಎಂದು ಕೇಳಿದರೆ, ಇಲ್ಲ. ನಾಗಪುರದ ಮಳೆಗಾಲ ಇರುವವರೆಗೆ ಅದೂ ಇರುತ್ತದೆ. ಪ್ರತಿ ಜುಲೈಯಲ್ಲಿ ಎಲ್ಲಾದರೂ ನಾಲ್ಕು ಚುಕ್ಕೆ ತಲೆಯೆತ್ತುತ್ತವೆ, ನಾನು ಬ್ರಷ್ಷು ಎತ್ತುತ್ತೇನೆ. ಈಗ ಓಡಾಡುವ ವಯಸ್ಸಿನ ಮಗಳು ಬಾಗಿಲಲ್ಲಿ ನಿಂತು ಮರಾಠಿಯಲ್ಲಿ ಚೀಯರ್ ಮಾಡುತ್ತಾಳೆ. ಬೂಷ್ಟಿಗೆ ಸುಸ್ತಾಗುವುದಿಲ್ಲ ಎಂದು ಗೊತ್ತು. ನನಗೂ ಆಗಿಲ್ಲ.

ಆ ವರ್ಷದ ಬಾಣಂತನ ಮುಗಿದ ದಿನ ಒಳ್ಳೆಯ ಬಿಸಿಲಿತ್ತು. ಮರುದಿನ ಅವ್ವನ ರೈಲು. ಕೊನೆಯ ತಂಬಿಗೆ ಹಾಕಿ, ನನ್ನ ತಲೆ ಒರೆಸಿ ಬಟ್ಟೆ ಕಟ್ಟಿ, ಅವಳು ಹಂಡೆ ಎತ್ತಲು ಬಗ್ಗಿದಳು. ಸೊಂಟಕ್ಕೆ ಕೈ ಕೊಟ್ಟು ಅರ್ಧಕ್ಕೇ ನಿಂತಳು. ಹಂಡೆಯಲ್ಲಿ ಇನ್ನೂ ಅರ್ಧ ನೀರಿತ್ತು, ಹಬೆಯಾಡುತ್ತಿತ್ತು.

"ಕೂಡು" ಎಂದು ಮಣೆ ತೋರಿಸಿದೆ.

"ಯಾಕ?"

"ಕೂಡು ಅಂದೆ."

"ನನಗೇನ ಈಗ ಬಾಣಂತನ? ಹುಚ್ಚಿ!"

"ನಿನ್ನ ಬಾಣಂತನ ಆಗಿಲ್ಲ ಇನ್ನೂ. ಕೂಡು."

ಅವಳು ಹಂಡೆಯಿಂದ ಕೈ ತೆಗೆದಳು. ಆಮೇಲೆ ಸೀರೆ ಮೊಣಕಾಲಿಗೆ ಒತ್ತಿಕೊಂಡು, ನನಗೆ ಬೆನ್ನು ಮಾಡಿ ಮೆಲ್ಲಗೆ ಮಣೆಯ ಮೇಲೆ ಕೂತಳು. ನಾನು ತಂಬಿಗೆ ತುಂಬಿ, ಕೈಯೆತ್ತಿ, ಅವಳು ನನಗೆ ಹಾಕಿದ ಹಾಗೆಯೇ ಅವಳ ಸೊಂಟದ ಮೇಲೆ ಹಾಕಿದೆ. ಮತ್ತೆ ಹಾಕಿದೆ. ಅವಳು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು.

"ಸಾಕು ಬಿಡು. ನಿನಗ ಗಾಳಿ ಹತ್ತತೈತಿ" ಎಂದಳು ಕೈಗಳೊಳಗಿಂದಲೇ.

"ಹತ್ತಲಿ" ಎಂದೆ. ಹಂಡೆಯ ತಳ ಕಾಣುವವರೆಗೂ ನಿಲ್ಲಿಸಲಿಲ್ಲ.